ಅತ್ತು ಮರೆತ ಸಿನಿಮಾ, ಅಳದೆ ಉಳಿದ ಸಿನಿಮಾ

ಪ್ರಶ್ನೆ: ತಿಂಗಳ ಹಿಂದೆ ಒಂದು ಸಿನಿಮಾ ನೋಡಿ ಕರವಸ್ತ್ರ ಒದ್ದೆಯಾಗುವಷ್ಟು ಅತ್ತೆ. ಈಗ ಅದರ ನಾಯಕಿಯ ಹೆಸರೂ ನೆನಪಿಲ್ಲ. ಕಾಲೇಜಿನ ದಿನಗಳಲ್ಲಿ ಆಕಳಿಸುತ್ತಾ ನೋಡಿದ ‘ಘಟಶ್ರಾದ್ಧ’ದ ಕೊನೆಯ ದೃಶ್ಯ ಮಾತ್ರ ಇಷ್ಟು ವರ್ಷವಾದರೂ ಕಣ್ಣಿಗೆ ಕಟ್ಟಿದೆ. ಹೀಗೇಕೆ? ಇಂಥ ಚಿತ್ರಗಳನ್ನು ಹೇಗೆ ನೋಡಬೇಕು? ಬೇಡವೆಂದರೂ ಬೆನ್ನುಬಿಡದ ಹಿಂಸೆಯ ದೃಶ್ಯಗಳಿಗೆ ಏನು ಮಾಡಬೇಕು? ಮಗಳು ಹದಿನೈದು ನಿಮಿಷದ ಕಿರುಚಿತ್ರ ಮಾಡಲು ಹೊರಟಿದ್ದಾಳೆ, ಅವಳಿಗೂ ಉಪಯೋಗವಾಗುವ ಹಾಗೆ ತಿಳಿಸಿ.

ಉತ್ತರ: ಕಣ್ಣೀರನ್ನು ಅಳತೆಗೋಲು ಮಾಡಿಕೊಂಡಿದ್ದರಿಂದಲೇ ಈ ಗೊಂದಲ. ಪ್ರೇಕ್ಷಕರನ್ನು ಅಳಿಸುವುದು ಸಿನಿಮಾದವರಿಗೆ ಅಂಥ ಕಷ್ಟದ ಕೆಲಸವಲ್ಲ. ತಾಯಿಯ ಮುಖದ ಕ್ಲೋಸಪ್, ಅದರ ಕೆಳಗೆ ಮೆಲ್ಲಗೆ ಏರುವ ಪಿಟೀಲು, ಪಕ್ಕದಲ್ಲಿ ಬಿಕ್ಕುವ ಇನ್ನೊಂದು ಮುಖ ಇಟ್ಟರೆ ಕಥೆ ಪೊಳ್ಳಾಗಿದ್ದರೂ ಕಣ್ಣು ತುಂಬುತ್ತದೆ. ಈರುಳ್ಳಿ ಹೆಚ್ಚಿದಾಗಲೂ ತುಂಬುತ್ತದೆ. ಅಂಥ ಚಿತ್ರದಲ್ಲಿ ಯಾರು ಕೆಟ್ಟವರು, ಯಾರು ಪಾಪ, ಯಾರಿಗೆ ಶಿಕ್ಷೆಯಾಯಿತು ಎಂಬ ಲೆಕ್ಕವನ್ನು ನಿರ್ದೇಶಕರೇ ಕೂಡಿ ಕಳೆದು ಚುಕ್ತಾ ಮಾಡಿಕೊಟ್ಟಿರುತ್ತಾರೆ. ನಿಮ್ಮ ಪಾಲಿಗೆ ಬಂದದ್ದು ಅಳುವ ಕೆಲಸ ಒಂದೇ, ಅದನ್ನು ಟಾಕೀಸಿನಲ್ಲೇ ಮುಗಿಸಿದಿರಿ. ಮನೆಗೆ ಕೊಂಡೊಯ್ಯಲು ಏನೂ ಉಳಿಯಲಿಲ್ಲ.

‘ಘಟಶ್ರಾದ್ಧ’ ಆ ಲೆಕ್ಕವನ್ನು ಚುಕ್ತಾ ಮಾಡುವುದಿಲ್ಲ. ಅದು ಹೇಗೆಂದು ಬಿಡಿಸಿ ನೋಡಿದರೆ ನಿಮ್ಮ ಪ್ರಶ್ನೆಯ ಅರ್ಧ ಭಾಗಕ್ಕೆ ಉತ್ತರ ಸಿಗುತ್ತದೆ.

ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 1977ರಲ್ಲಿ ಮಾಡಿದ ಈ ಮೊದಲ ಚಿತ್ರ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಪಡೆಯಿತು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ವೇದಪಾಠಶಾಲೆಗೆ ಬಂದು ಸೇರುವ ನಾಣಿ ಎಂಬ ಪುಟ್ಟ ಹುಡುಗನಿಗೆ ಪಾಠಶಾಲೆಯ ಉಡುಪರ ಮಗಳು, ವಿಧವೆ ಯಮುನಕ್ಕ, ಆಸರೆಯಾಗುತ್ತಾಳೆ. ಅವಳು ಊರಿನ ಮೇಷ್ಟರೊಬ್ಬನಿಂದ ಬಸುರಾಗಿದ್ದಾಳೆ. ನಾವು ಇದನ್ನೆಲ್ಲ ನೋಡುವುದು ನಾಣಿಯ ಎತ್ತರದಿಂದ. ನಾಣಿಗೆ ಯಮುನಕ್ಕ ವಾಂತಿ ಮಾಡುವುದು ಕಾಣುತ್ತದೆ, ಕಾರಣ ತಿಳಿಯುವುದಿಲ್ಲ. ದೊಡ್ಡ ಹುಡುಗರು ಪಿಸುಗುಟ್ಟುವುದು ಕೇಳುತ್ತದೆ, ಏನೆಂದು ಹೊಳೆಯುವುದಿಲ್ಲ. ನೋಡುವುದು ಅವನ ಕೆಲಸವಾದರೆ ಅರ್ಥ ಮಾಡಿಕೊಳ್ಳುವುದು ನಮ್ಮ ತಲೆಗೆ ಬರುತ್ತದೆ. ಆಕಳಿಸುತ್ತಾ ಕುಳಿತಿದ್ದಾಗಲೂ ನಿಮ್ಮ ಮನಸ್ಸು ಈ ಕೆಲಸ ಮಾಡುತ್ತಲೇ ಇತ್ತು. ತಾನೇ ಜೋಡಿಸಿಕೊಂಡದ್ದನ್ನು ಮನಸ್ಸು ಸುಲಭಕ್ಕೆ ಎಸೆಯುವುದಿಲ್ಲ.

ಇನ್ನು ಕೊನೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ, ಮಡಕೆ ಒಡೆದು, ಸಂಬಂಧ ಕಡಿದುಕೊಳ್ಳುತ್ತಾನೆ. ಅದೇ ಮುದಿ ತಂದೆ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟ ಸುದ್ದಿ ಊರಿನ ಇತರ ಮಾತುಗಳಂತೆಯೇ ಸುಮ್ಮನೆ ಕಿವಿಗೆ ಬೀಳುತ್ತದೆ. ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಬುಡದಲ್ಲಿ ಒಬ್ಬಳೇ ಕುಳಿತಿದ್ದಾಳೆ. ನಾಣಿಯನ್ನು ಅವನಪ್ಪ ಕರೆದುಕೊಂಡು ಹೋಗುತ್ತಿದ್ದಾನೆ. ಅವಳ ಮುಂದಿನ ಗತಿ ಏನೆಂದು ಚಿತ್ರ ಹೇಳುವುದಿಲ್ಲ, ಹೇಳಲೂ ಆಗದು. ಯಾಕೆಂದರೆ ಇಷ್ಟು ಹೊತ್ತು ನಮಗೆ ಕಣ್ಣಾಗಿದ್ದ ಹುಡುಗನೇ ಹೊರಟುಹೋದ. ಆ ಹೊತ್ತಿಗೆ ಊರಿನ ಯಾರಾದರೂ ಒಬ್ಬರು ‘ಎಂಥಾ ಅನ್ಯಾಯ’ ಎಂದು ಎರಡು ಮಾತು ಆಡಿದ್ದರೆ ನಿಮ್ಮ ಸಿಟ್ಟನ್ನು ಅವರೇ ಆಡಿ ಮುಗಿಸುತ್ತಿದ್ದರು, ನೀವು ಹಗುರಾಗಿ ಬಸ್ಸು ಹತ್ತುತ್ತಿದ್ದಿರಿ. ಯಾರೂ ಆಡಲಿಲ್ಲ. ಆ ಸಿಟ್ಟು ಇಂದಿಗೂ ನಿಮ್ಮ ಬಳಿಯೇ ಇದೆ.

ಕಣ್ಣು ಯಾರದು ಎಂಬುದು ಒಂದಾದರೆ, ವಸ್ತುವೊಂದನ್ನು ಕಥೆಯುದ್ದಕ್ಕೂ ಸಾಗಿಸುವ ಬಗೆ ಇನ್ನೊಂದು. ಇದಕ್ಕೆ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ (1955) ಮಣಿಸರಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಬಡ ಮನೆಯ ಹುಡುಗಿ ದುರ್ಗಾ ಮಣಿಸರ ಕದ್ದಳೆಂದು ನೆರೆಯವರು ಬಂದು ಜಗಳ ತೆಗೆಯುತ್ತಾರೆ, ಅವಳು ಇಲ್ಲ ಎನ್ನುತ್ತಾಳೆ, ತಾಯಿ ಹೊಡೆಯುತ್ತಾಳೆ. ಕಥೆ ಮುಂದೆ ಹೋಗುತ್ತದೆ. ರೈಲು, ಮಳೆ, ಜ್ವರ, ದುರ್ಗಾಳ ಸಾವು ಎಲ್ಲ ಬಂದು ಹೋಗುವಷ್ಟರಲ್ಲಿ ನಾವು ಸರವನ್ನು ಮರೆತಿರುತ್ತೇವೆ. ಊರು ಬಿಡಲು ಗಂಟುಮೂಟೆ ಕಟ್ಟುವಾಗ ಅವಳ ತಮ್ಮ ಅಪುವಿನ ಕೈಗೆ ಮೇಲಿನ ಹಲಗೆಯಲ್ಲಿದ್ದ ಕರಟ ಸಿಗುತ್ತದೆ, ಅದರೊಳಗೆ ಸರ. ಅವನು ಓಡಿಹೋಗಿ ಅದನ್ನು ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಬಿರಿದು ತೂತಾಗುತ್ತದೆ, ಮತ್ತೆ ನಿಧಾನವಾಗಿ ಕೂಡಿಕೊಳ್ಳುತ್ತದೆ. ಒಂದು ಮಾತಿಲ್ಲ. ಅಕ್ಕ ಕದ್ದದ್ದು ನಿಜ, ಅದನ್ನು ತಮ್ಮ ಮುಚ್ಚಿಟ್ಟ, ಅವಳು ಇನ್ನಿಲ್ಲ ಎಂಬ ಮೂರೂ ಸಂಗತಿ ಆ ಪಾಚಿಯಲ್ಲೇ ಇವೆ.

ಇದರ ಕಸುಬು ಗಮನಿಸಿ. ಸರ ಮೊದಲು ಬಂದಾಗ ಅದೊಂದು ಜಗಳದ ನೆಪ ಅಷ್ಟೇ. ‘ಇದನ್ನು ನೆನಪಿಟ್ಟುಕೊಳ್ಳಿ’ ಎಂದು ಕ್ಯಾಮೆರಾ ಅದರ ಮೇಲೆ ಎರಗುವುದಿಲ್ಲ. ಮರಳಿ ಬರುವ ಹೊತ್ತಿಗೆ ನಾವು ಮರೆತಿರಬೇಕು, ಆದರೆ ಪೂರ್ತಿ ಮರೆತಿರಬಾರದು. ಮರಳಿ ಬಂದಾಗ ಅದು ಮೊದಲಿನ ಕೆಲಸ ಬಿಟ್ಟು ಬೇರೆಯದನ್ನೇ ಮಾಡಬೇಕು. ಈಗಿನ ಬಹಳ ಚಿತ್ರಗಳು ಎಡವುವುದು ಇಲ್ಲೇ. ಮೊದಲ ಸಲ ವಸ್ತುವನ್ನು ಕ್ಲೋಸಪ್ಪಿನಲ್ಲಿ ತೋರಿಸಿ ಹಿನ್ನೆಲೆಯಲ್ಲಿ ಗಂಟೆ ಬಾರಿಸುತ್ತಾರೆ, ಕೊನೆಗೆ ಹಳೆಯ ಶಾಟುಗಳನ್ನೇ ಬಣ್ಣ ತೆಳುವಾಗಿಸಿ ಫ್ಲ್ಯಾಶ್‌ಬ್ಯಾಕ್ ಎಂದು ಮತ್ತೆ ಓಡಿಸುತ್ತಾರೆ. ನೆನಪು ಮಾಡಿಕೊಳ್ಳುವುದು ಪ್ರೇಕ್ಷಕರ ಕೆಲಸವಾಗಿತ್ತು, ಅದನ್ನು ಸಂಕಲನಕಾರರೇ ಮಾಡಿಬಿಟ್ಟರು. ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದರಿಂದಲೇ ವಿಷಯ ಹೆಚ್ಚು ದಿನ ಉಳಿಯುತ್ತದೆಂದು ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಯೋಗದಿಂದ ತೋರಿಸಿದ್ದರು. ಅದು ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ, ಸಿನಿಮಾದ ಮೇಲಲ್ಲ. ಆದರೂ ಫ್ಲ್ಯಾಶ್‌ಬ್ಯಾಕ್ ಯಾಕೆ ನೆನಪನ್ನು ಸೋಮಾರಿ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಕಾಣದು.

ಅದೇ ಚಿತ್ರದ ಇನ್ನೊಂದು ದೃಶ್ಯ ರೀರೆಕಾರ್ಡಿಂಗ್ (ಹಿನ್ನೆಲೆ ಸಂಗೀತ) ಮಾಡುವವರೆಲ್ಲ ಕೇಳಬೇಕಾದದ್ದು. ಮಗಳು ಸತ್ತದ್ದು ಗೊತ್ತಿಲ್ಲದ ತಂದೆ ಹರಿಹರ ಪರಊರಿನಿಂದ ಬಂದು, ತಂದ ಸಾಮಾನುಗಳನ್ನು ಒಂದೊಂದಾಗಿ ತೆಗೆದು ತೋರಿಸುತ್ತಾನೆ. ದುರ್ಗಾಳಿಗೆಂದು ತಂದ ಸೀರೆ ಕೈಗೆ ಬಂದಾಗ ತಾಯಿ ಸರ್ಬಜಯಾ ಕುಸಿಯುತ್ತಾಳೆ, ಬಾಯಿ ತೆರೆದು ಗೋಳಾಡುತ್ತಾಳೆ. ನಮಗೆ ಅವಳ ದನಿ ಕೇಳುವುದಿಲ್ಲ, ತಾರ್ ಶೆಹನಾಯಿಯ ತಾರಸ್ಥಾಯಿ ಕೇಳುತ್ತದೆ. ಕಮಾನಿನಿಂದ ನುಡಿಸುವ, ಕಹಳೆಯಂಥ ಬಾಯಿ ಜೋಡಿಸಿದ ತಂತಿವಾದ್ಯ ಅದು. ಸಾಮಾನ್ಯವಾಗಿ ಸಂಗೀತವನ್ನು ಅಳುವಿನ ಮೇಲೆ ಹಾಕುತ್ತಾರೆ, ರಾಯ್ ಅಳುವಿನ ಜಾಗಕ್ಕೆ ಹಾಕಿದರು. ಮೇಲೆ ಹಾಕಿದ ಸಂಗೀತ ‘ಈಗ ಅಳಿ’ ಎನ್ನುತ್ತದೆ. ಜಾಗಕ್ಕೆ ಹಾಕಿದ್ದು, ಕೇಳಿಸದ ಆ ದನಿಯನ್ನು ನೀವೇ ಕಲ್ಪಿಸಿಕೊಳ್ಳುವಂತೆ ಮಾಡುತ್ತದೆ. ಯಾರ ತಾಯಿಯ ದನಿಯನ್ನು ಕಲ್ಪಿಸಿಕೊಳ್ಳುತ್ತೀರಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕ್ಲೈಮ್ಯಾಕ್ಸ್ ಆದ ಮೇಲಿನ ನಿಮಿಷಗಳಿಗೂ ಒಂದು ಲೆಕ್ಕವಿದೆ. 1993ರಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾನ್‌ಮನ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ ಒಂದು ಸಲ 60 ಸೆಕೆಂಡು ಕೈ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡು ಇಟ್ಟು, ನೀರನ್ನು 15 ಡಿಗ್ರಿಯತ್ತ ಏರಿಸುತ್ತಾ ಮತ್ತೆ 30 ಸೆಕೆಂಡು ಇಡಬೇಕು. ಮೂರನೆಯ ಸಲ ಯಾವುದು ಬೇಕೆಂದು ಕೇಳಿದರೆ ಹೆಚ್ಚಿನವರು ಆರಿಸಿದ್ದು ಎರಡನೆಯದನ್ನು! ಒಟ್ಟು ನೋವು ಹೆಚ್ಚು, ಆದರೆ ಕೊನೆ ಒಂದಿಷ್ಟು ಹಿತ. ಅನುಭವವೊಂದರ ಬಗ್ಗೆ ನಮ್ಮ ಮನಸ್ಸು ಕೊಡುವ ತೀರ್ಪಿನಲ್ಲಿ ಅದರ ತುತ್ತತುದಿಗೂ ಕೊನೆಗೂ ಸಿಗುವ ತೂಕ ನಡುವಿನ ಉದ್ದಕ್ಕೆ ಸಿಗುವುದಿಲ್ಲ. ‘ಆರು ತಿಂಗಳ ನಂತರ’ ಎಂದು ಬರೆದು, ಎಲ್ಲರೂ ಹೂವಿನ ತೋಟದಲ್ಲಿ ನಗುವುದನ್ನು ತೋರಿಸುವ ಚಿತ್ರಗಳು ಮಾಡುವುದು ಇದನ್ನೇ. ಕೊನೆಯಲ್ಲಿ ಬೆಚ್ಚಗಿನ ನೀರು ಸುರಿಯುತ್ತವೆ. ಟಿಕೆಟ್ಟಿನ ದುಡ್ಡಿಗೆ ಮೋಸವಾಗಲಿಲ್ಲ ಎನಿಸುತ್ತದೆ, ಅಲ್ಲಿಗೆ ಮುಗಿಯಿತು.

ಹಾಗೆಂದು ಕೊನೆ ಬರೀ ಕಹಿಯಾಗಿದ್ದರೆ ಸಾಕೆಂದಲ್ಲ. ಇಟಲಿಯ ನಿರ್ದೇಶಕ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948) ನೋಡಿ. ಸೈಕಲ್ ಕಳೆದುಕೊಂಡ ಅಪ್ಪ ಕೊನೆಗೆ ತಾನೇ ಸೈಕಲ್ ಕದ್ದು ಮಗನೆದುರೇ ಸಿಕ್ಕಿಬೀಳುತ್ತಾನೆ. ಹುಡುಗನ ಮುಖ ನೋಡಿ ಸೈಕಲ್ಲಿನ ಒಡೆಯ ದೂರು ಬೇಡವೆಂದು ಬಿಟ್ಟುಬಿಡುತ್ತಾನೆ. ಅಪ್ಪ-ಮಗ ಜನಜಂಗುಳಿಯಲ್ಲಿ ನಡೆಯುತ್ತಾರೆ, ಅಪ್ಪನ ಕಣ್ಣಲ್ಲಿ ನೀರು, ಹುಡುಗ ಅವನ ಕೈ ಹಿಡಿಯುತ್ತಾನೆ. ಹಿತವೂ ಇದೆ, ಕೇಡೂ ಇದೆ. ಹುಡುಗ ಕ್ಷಮಿಸಿದನೆ, ಕನಿಕರಿಸಿದನೆ, ಹೆದರಿ ಹಿಡಿದುಕೊಂಡನೆ ಎಂಬುದು ಇತ್ಯರ್ಥವಾಗುವುದಿಲ್ಲ. ನಾಳೆ ಬೆಳಿಗ್ಗೆ ಸೈಕಲ್ಲಿಲ್ಲದೆ ಅಪ್ಪನ ಕೆಲಸ ಉಳಿಯುವುದೂ ಇಲ್ಲ. ಇಪ್ಪತ್ತು ವಯಸ್ಸಿನಲ್ಲಿ ಇದು ಮಗನ ಕಥೆಯಾಗಿ, ನಲವತ್ತರಲ್ಲಿ ಅಪ್ಪನ ಕಥೆಯಾಗಿ ಕಾಣುವುದು ಆ ಕೈಯಲ್ಲಿ ಇಷ್ಟೆಲ್ಲ ಇರುವುದರಿಂದ.

ಹಾಗಾದರೆ ಮೌನ, ಸಂಯಮ, ಕಪ್ಪು-ಬಿಳುಪು ಇದ್ದರೆ ಮಾತ್ರ ಚಿತ್ರ ಉಳಿಯುತ್ತದೆಯೆ? ಇದು ಕಲಾತ್ಮಕ ಚಿತ್ರಗಳ ಭಕ್ತರು ಹಬ್ಬಿಸಿದ ಮಾತು, ನಂಬಬೇಡಿ. ಪುಟ್ಟಣ್ಣ ಕಣಗಾಲರ ‘ಶರಪಂಜರ’ (1971) ಏರುದನಿಯ ಚಿತ್ರ. ಹಾಡು, ಕೂಗಾಟ, ಬಣ್ಣ ಎಲ್ಲವೂ ಧಾರಾಳ. ತ್ರಿವೇಣಿಯವರ ಕಾದಂಬರಿಯ ಕಾವೇರಿ ಕಲ್ಪನಾ ಅವರ ಮೂಲಕ ಕನ್ನಡಿಗರ ಮನಸ್ಸಿನಲ್ಲಿ ಉಳಿದದ್ದಕ್ಕೆ ಕಾರಣ ದನಿಯ ಮಟ್ಟದಲ್ಲಿಲ್ಲ. ಹುಚ್ಚಾಸ್ಪತ್ರೆಯಿಂದ ಗುಣವಾಗಿ ಬಂದವಳನ್ನು ಮನೆಯವರೂ ನೆರೆಯವರೂ ಗುಣವಾದವಳೆಂದು ನಂಬುವುದಿಲ್ಲ, ಕೊನೆಗೆ ಅವಳು ಅಲ್ಲಿಗೇ ಮರಳುತ್ತಾಳೆ. ಅವಳನ್ನು ಓರೆಗಣ್ಣಿನಿಂದ ನೋಡುವ ನೆರೆಹೊರೆಯವರ ಸಾಲಿನಲ್ಲಿ ನಾವೂ ಎಲ್ಲೋ ನಿಂತಿದ್ದೇವೆ ಎಂಬುದು ಚುಚ್ಚುತ್ತದೆ. ಅಲ್ಲೂ ಲೆಕ್ಕ ಬಾಕಿ. ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ (1972) ಇನ್ನೂ ಜನಪ್ರಿಯ ಮಾದರಿಯದು. ಅದನ್ನು ನೋಡಿ ಪೇಟೆ ಬಿಟ್ಟು ಹೊಲಕ್ಕೆ ಮರಳಿದವರಿದ್ದಾರೆಂಬ ಮಾತು ಇವತ್ತಿಗೂ ಬಳಕೆಯಲ್ಲಿದೆ. ಬಂಡೆ ಒಡೆದು ಭೂಮಿಯನ್ನು ಹಸಿರು ಮಾಡಿದ ರಾಜೀವ ಕೊನೆಗೆ ಬರಿಗೈಯಲ್ಲಿ ಎದ್ದು ನಡೆದುಬಿಡುತ್ತಾನೆ, ತಡೆದು ನ್ಯಾಯ ಹೇಳುವವರಿಲ್ಲ. ಹಸಿರು ಹೊಲದ ಸುಖಾಂತ್ಯ ಇಟ್ಟಿದ್ದರೆ ಅದು ಕೃಷಿ ಇಲಾಖೆಯ ಪ್ರಚಾರ ಚಿತ್ರವಾಗುತ್ತಿತ್ತು.

ನಗುವಿಗೂ ಈ ಶಕ್ತಿ ಇದೆ. ರಾಮ್ ರೆಡ್ಡಿಯವರ ‘ತಿಥಿ’ (2015) ಮಂಡ್ಯ ಸೀಮೆಯ ಹಳ್ಳಿಯವರನ್ನೇ ಪಾತ್ರಗಳಾಗಿಸಿತು. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತು ಹನ್ನೊಂದನೆಯ ದಿನದ ತಿಥಿಯೊಳಗೆ ಮೂರು ತಲೆಮಾರಿನ ಗಂಡಸರ ಬದುಕು ಬಯಲಾಗುತ್ತದೆ. ಜಮೀನಿನ ಗೊಡವೆಯೇ ಬೇಡವೆಂದು ಅಲೆಯುವ ಗಡ್ಡಪ್ಪನನ್ನು ನೋಡಿ ನಗುತ್ತೇವೆ. ವಾರ ಕಳೆದ ಮೇಲೆ, ಇವನೊಬ್ಬನೇ ಸುಖಿಯೋ ಅಥವಾ ಎಲ್ಲ ಕಳೆದುಕೊಂಡವನೋ ಎಂಬ ಅನುಮಾನ ಹುಟ್ಟುತ್ತದೆ.

ಇನ್ನು ನೋಡುವ ಬಗೆ. ಎಂಥ ಚಿತ್ರವನ್ನೂ ಕೆಡಿಸಿ ನೋಡಬಹುದು, ನಮ್ಮ ಮನೆಗಳಲ್ಲಿ ದಿನವೂ ಅದೇ ನಡೆಯುತ್ತಿದೆ. ಹೊಸ ಟಿವಿಗಳಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾದ ನಡುನಡುವೆ ಕೃತಕ ಚೌಕಟ್ಟು ತುಂಬುವ ಸೌಲಭ್ಯವಿದೆ. ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಎಂಬ ಹೆಸರಿನಲ್ಲಿ ಇರುತ್ತದೆ. ಅದನ್ನು ಆಫ್ ಮಾಡಿ, ಇಲ್ಲವಾದರೆ ರಾಯ್ ಚಿತ್ರವೂ ಧಾರಾವಾಹಿಯಂತೆ ಕಾಣುತ್ತದೆ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದನ್ನು ಆನ್ ಮಾಡಿದರೆ ಸಾಕು. ಹಳೆಯ ಚಿತ್ರಗಳ ಅಗಲ-ಎತ್ತರದ ಅನುಪಾತ ಬಹುತೇಕ 1.37:1, ಈಗಿನ ಟಿವಿಯದು 16:9. ಬದಿಗಳಲ್ಲಿ ಕಪ್ಪು ಪಟ್ಟಿ ಬಂದರೆ ಅದೇ ಸರಿ. ಪರದೆ ತುಂಬಿಸಲೆಂದು ಕತ್ತರಿಸಿದ ಪ್ರತಿಯಲ್ಲಿ ಎತ್ತರದ ಸುಮಾರು ಕಾಲು ಭಾಗ ಹೋಗಿರುತ್ತದೆ. ನಿಂತವರ ಹಣೆ ಪದೇ ಪದೇ ಕತ್ತರಿಸಿದ್ದರೆ, ಇಲ್ಲವೆ ಮುಖಗಳು ಅಡ್ಡಡ್ಡ ಉಬ್ಬಿದ್ದರೆ ಆ ಪ್ರತಿ ಬಿಟ್ಟು ಬೇರೆ ಹುಡುಕಿ. ‘ಘಟಶ್ರಾದ್ಧ’ದ ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಗಿದೆ. ಎಲ್ಲಾದರೂ ಅದು ದೊಡ್ಡ ಪರದೆಯ ಮೇಲೆ ಬಂದರೆ ಹಳೆಯ ಮಸುಕು ಪ್ರತಿಯನ್ನು ಬದಿಗಿಟ್ಟು ಹೋಗಿ ನೋಡಿ.

43 ಇಂಚಿನ ಟಿವಿಗೆ ಆರು ಅಡಿ ದೂರ ಕುಳಿತರೆ ಚಿತ್ರ ಕಣ್ಣು ತುಂಬುತ್ತದೆ, ಹನ್ನೆರಡು ಅಡಿಯ ಸೋಫಾದಿಂದ ಅದು ಗೋಡೆಗೆ ನೇತುಹಾಕಿದ ಕ್ಯಾಲೆಂಡರ್. ದೀಪ ಆರಿಸಿ. ಫೋನನ್ನು ಸೈಲೆಂಟ್ ಮಾಡಿದರೆ ಸಾಲದು, ಬೇರೆ ಕೋಣೆಯಲ್ಲಿಡಿ. ನಡುವೆ ನಿಲ್ಲಿಸಲೇಬೇಕಾದರೆ ದೃಶ್ಯ ಮುಗಿದ ಮೇಲೆ ನಿಲ್ಲಿಸಿ. ಒಂದು ಚಿತ್ರವನ್ನು ಮೂರು ರಾತ್ರಿ ಹಂಚಿಕೊಂಡು ನೋಡಿದರೆ ಮಣಿಸರದಂಥ ಕುಸುರಿ ಕೆಲಸ ಮಾಡುವುದಿಲ್ಲ. ಕೊನೆಯ ಶಾಟ್ ಇನ್ನೂ ಇರುವಾಗಲೇ ಮೂಲೆಯಲ್ಲಿ ‘ಮುಂದಿನದು’ ಎಂಬ ಚೌಕ ಮೂಡುತ್ತದಲ್ಲ, ಆ ಆಟೋಪ್ಲೇಯನ್ನು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ತೆಗೆಯಿರಿ. ಎರಡು ಗಂಟೆಯ ದುಡಿಮೆಯನ್ನು ಐದೇ ಸೆಕೆಂಡಿನಲ್ಲಿ ಹಾಳು ಮಾಡುವುದು ಅದು. ಮುಗಿದ ಕೂಡಲೇ ವಿಮರ್ಶೆ, ‘ಅಂತ್ಯದ ವಿವರಣೆ’ ವಿಡಿಯೊ ನೋಡಬೇಡಿ. ಒಂದು ರಾತ್ರಿ ನಿದ್ದೆ ಮಾಡಿ ಮರುದಿನ ಬೆಳಿಗ್ಗೆ ಚಿತ್ರವನ್ನು ಮತ್ತೆ ಹಾಕಿ ನೋಡದೆ, ನೆನಪಿನಿಂದಲೇ ಐದು ಸಾಲು ಬರೆಯಿರಿ. ಕಥೆ ಬರೆಯಬೇಡಿ, ಯಾವ ಶಾಟ್ ಕಣ್ಣಿಗೆ ಬರುತ್ತದೆ, ಯಾವ ಸದ್ದು ಕಿವಿಯಲ್ಲಿದೆ ಎಂಬುದನ್ನಷ್ಟೇ ಬರೆಯಿರಿ. ಹದಿನೈದು ದಿನ ಬಿಟ್ಟು ಆ ಶಾಟ್ ಇರುವ ದೃಶ್ಯವನ್ನು ಮತ್ತೆ ಹಾಕಿ ನೋಡಿದರೆ ಅರ್ಧದಷ್ಟು ನೀವೇ ಸೇರಿಸಿಕೊಂಡದ್ದು ಎಂದು ಗೊತ್ತಾಗುತ್ತದೆ. ಉಳಿಯುವ ಚಿತ್ರದ ಗುರುತು ಅದೇ.

ಹಿಂಸೆಯ ದೃಶ್ಯಗಳ ಕಾಟವೇ ಬೇರೆ. ಅಲ್ಲಿ ಅರ್ಥ ಕಾಡುವುದಿಲ್ಲ, ಬರೀ ಚಿತ್ರ ಕಣ್ಣಿಗೆ ನುಗ್ಗುತ್ತದೆ. ಮನೋವಿಜ್ಞಾನಿ ಎಮಿಲಿ ಹೋಮ್ಸ್ ಮತ್ತು ಸಂಗಡಿಗರು ಆಕ್ಸ್‌ಫರ್ಡ್‌ನಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಘೋರ ದೃಶ್ಯಗಳ ಚಿತ್ರ ನೋಡಿ ಅರ್ಧ ಗಂಟೆಯ ಬಳಿಕ ಹತ್ತು ನಿಮಿಷ ಟೆಟ್ರಿಸ್ (ಮೇಲಿನಿಂದ ಬೀಳುವ ಆಕಾರಗಳನ್ನು ಜೋಡಿಸುವ ವಿಡಿಯೊ ಗೇಮ್) ಆಡಿದವರಿಗೆ ಮುಂದಿನ ವಾರದಲ್ಲಿ ಅಂಥ ದೃಶ್ಯಗಳು ತಾವಾಗಿ ನುಗ್ಗುವುದು ಕಡಿಮೆಯಾಯಿತು. ನೋಡಿದ್ದರ ನೆನಪು ಮಾತ್ರ ಹಾಗೇ ಇತ್ತು. ಕಣ್ಣಿನ ಕಲ್ಪನೆಗೆ ಬೇರೆ ಆಕಾರ ಜೋಡಿಸುವ ಕೆಲಸ ಕೊಟ್ಟರೆ ಕೆಟ್ಟ ಚಿತ್ರ ಗಟ್ಟಿಯಾಗಲು ಜಾಗ ಸಾಲದು ಎಂಬುದು ಅವರ ತರ್ಕ. ಹಾಗಾಗಿ ಅಂಥದ್ದೇನಾದರೂ ನೋಡಿದ ರಾತ್ರಿ ನೇರ ಹಾಸಿಗೆಗೆ ಹೋಗಬೇಡಿ. ಆಕಾರ, ಬಣ್ಣ ಜೋಡಿಸುವ ಆಟವನ್ನೋ ರಂಗೋಲಿಯನ್ನೋ ಹಿಡಿದು ಸ್ವಲ್ಪ ಹೊತ್ತು ಕೂರಿ. ವಾರಗಟ್ಟಲೆ ನಿದ್ದೆ ಕೆಡುತ್ತಿದ್ದರೆ ವೈದ್ಯರನ್ನು ಕಾಣಿ, ಅದು ಸಿನಿಮಾದವರು ಉತ್ತರಿಸುವ ಪ್ರಶ್ನೆಯಲ್ಲ.

ನಿಮ್ಮ ಮಗಳಿಗೆ. ಹದಿನೈದು ನಿಮಿಷಕ್ಕೆ ಒಂದೇ ಕಣ್ಣು, ಒಂದೇ ವಸ್ತು ಸಾಕು. ವಸ್ತು ಎರಡನೆಯ ಅಥವಾ ಮೂರನೆಯ ನಿಮಿಷದಲ್ಲಿ ಬೇರೆ ನೆಪದಲ್ಲಿ ಬರಲಿ, ಹನ್ನೆರಡನೆಯ ನಿಮಿಷದ ಮೇಲೆ ಮರಳಲಿ. ನಡುವೆ ನೆನಪಿಸಬೇಡಿ. ಚಿತ್ರಕಥೆ ಮುಗಿದ ಮೇಲೆ ಕೊನೆಯ ಪುಟದ ಮಾತುಗಳನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆದುಹಾಕಿ ಓದಲಿ. ಅರ್ಥವಾಗದೆ ಹೋದರೆ ಸರಿಪಡಿಸಬೇಕಾದದ್ದು ಮೊದಲ ಪುಟಗಳನ್ನು. ಕೊನೆಯ ಶಾಟನ್ನು ಬೇಕೆನಿಸಿದ್ದಕ್ಕಿಂತ ಇಪ್ಪತ್ತು ಸೆಕೆಂಡು ಹೆಚ್ಚು ಚಿತ್ರೀಕರಿಸಿಕೊಂಡು ಎಷ್ಟು ಉಳಿಸಬೇಕೆಂಬುದನ್ನು ಎಡಿಟಿಂಗ್ ಟೇಬಲ್ಲಿನಲ್ಲಿ ತೀರ್ಮಾನಿಸಲಿ. ಕಥೆ ಗೊತ್ತಿಲ್ಲದ ಮೂವರಿಗೆ ಮೊದಲ ಪ್ರತಿ ತೋರಿಸಿ ಅಂದೇ ಏನೂ ಕೇಳದೆ, ಮೂರು ದಿನ ಬಿಟ್ಟು ಫೋನ್ ಮಾಡಿ ಏನು ನೆನಪಿದೆ ಎಂದು ಕೇಳಲಿ. ಅಂದಿನ ಹೊಗಳಿಕೆ ಮರ್ಯಾದೆಯದು, ಮೂರನೆಯ ದಿನದ ಉತ್ತರ ನಂಬಲು ಯೋಗ್ಯ.

ಇನ್ನೊಂದು, ಹೊಸಬರು ತಪ್ಪದೆ ಮರೆಯುವುದು. ಪ್ರತಿ ಲೊಕೇಶನ್ನಿನಲ್ಲೂ ಎಲ್ಲರನ್ನೂ ಸುಮ್ಮನಿರಿಸಿ, ಫ್ಯಾನು, ಫ್ರಿಜ್ ಶೂಟಿಂಗ್ ಹೊತ್ತಿನಲ್ಲಿ ಹೇಗಿದ್ದವೋ ಹಾಗೆಯೇ ಬಿಟ್ಟು, ಒಂದು ನಿಮಿಷ ಆ ಜಾಗದ ನಿಶ್ಶಬ್ದವನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಮಾತು ತೆಗೆದ ಕಡೆ ಅದನ್ನು ಹಾಸಿದರೆ ಕೋಣೆ ಉಸಿರಾಡುತ್ತಿರುತ್ತದೆ. ಆ ಒಂದು ನಿಮಿಷ ಇಲ್ಲದಿದ್ದರೆ ಮೌನದ ಜಾಗ ಆಡಿಯೊ ಕೆಟ್ಟುಹೋದಂತೆ ಕೇಳುತ್ತದೆ, ಗಾಬರಿಯಲ್ಲಿ ಅದರ ಮೇಲೆ ಪಿಟೀಲು ಸುರಿಯುತ್ತಾರೆ.